ಮೀಸಿಯ ಪಾಪಗಳು

ಕೋತಗಿರಿ ಬೆಟ್ಟದ ಕೂಕಲ್ತೊರೈ ಕಡೆಯ ಆ ಹಟ್ಟಿಯಲ್ಲಿ ಲಿಂಗಿಯ ಮನೆಯವರು ಜಗಳವಾಡುತ್ತಿದ್ದದ್ದು ಊಟಕ್ಕೆ ಕೂತಾಗ ಮಾತ್ರ. ಉಳಿದ ಹೊತ್ತಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಗಂಡ ಭೋಜನ್ ಬೆಳಗಾದರೆ ಚಹಾ ತೋಟಕ್ಕಿಳಿಯುತ್ತಿದ್ದ. ಮಗ ಮುರಳೀಧರನ್ ಸುತ್ತಲ ತೋಟಗಳ ಎಲೆ ಮೂಟೆಗಳನ್ನು ಪಿಕಪ್ಪಿನಲ್ಲಿ ಫ್ಯಾಕ್ಟರಿಗೆ ಸಾಗಿಸುತ್ತಿದ್ದ. ಸೊಸೆ ಸರಣ್ಯಾ ಕೋತಗಿರಿಯ ಇಂಗ್ಲಿಷ್ ಶಾಲೆಯೊಂದರಲ್ಲಿ ಟೀಚರ್, ಮೊಮ್ಮಗಳು ತೇನ್ಮೊಳಿಗೆ ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಒಲೆಯ ಬದಿಯ ಮಂಚದಲ್ಲಿ ಲಿಂಗಿಯ ಅತ್ತೆ ಪಾಪಾತಿ, ತೊಂಬತ್ತರ ಹತ್ತಿರದ ಮುದುಕಿ, ಕೂತಲ್ಲಿಂದಲೇ ಇಡೀ ಮನೆಯನ್ನು ಆಳುತ್ತಿದ್ದಳು.

ಇನ್ನು ಲಿಂಗಿ. ಬಹಳ ವರ್ಷ ಬಾಲವಾಡಿ ಟೀಚರಾಗಿದ್ದು ನಿವೃತ್ತಳಾದವಳು. ಬಾಲವಾಡಿಯ ಕೂಸುಗಳಿಗೆ ಹೇಳಿಕೊಡೋಣವೆಂದರೆ ತಮ್ಮ ಬಡಗ ಮಾತಿನಲ್ಲಿ ಒಂದೂ ಪದ್ಯ ಸಿಗದೆ, ಕೊನೆಗೆ ತಾನೇ ಕಟ್ಟಲು ಶುರುಮಾಡಿದ್ದಳು. ಮಾತು ಬಡಗ, ಅಕ್ಷರ ತಮಿಳು, ಏಕೆಂದರೆ ಮಕ್ಕಳಿಗೆ ಓದಲು ಬರುತ್ತಿದ್ದ ಅಕ್ಷರ ಅದೇ. ಹಾಗೆ ಮೂರು ಪುಸ್ತಕಗಳಾಗಿದ್ದವು, ನಾಲ್ಕನೆಯದು ಕೋತಗಿರಿಯ ಸೆಲ್ವಕುಮಾರನ ಪ್ರೆಸ್ಸಿನಲ್ಲಿತ್ತು. ಆಲೂಗೆಡ್ಡೆಯ ಮೇಲೆ, ಕಾಡುಹಂದಿಯ ಮೇಲೆ, ಫ್ಯಾಕ್ಟರಿಯ ಸೈರನ್ನಿನ ಮೇಲೆ ಅವಳ ಪದ್ಯಗಳಿದ್ದವು. ಹಟ್ಟಿಯ ಮಕ್ಕಳ ಬಾಯಲ್ಲಿ ಅವು ಇದ್ದೇ ಇರುತ್ತಿದ್ದವು. ಭೋಜನ್ ಮಾತ್ರ, "ಪದ್ಯ ಉದಕಕ್ಕೆ ಉಪ್ಪಾಗುವದಿಲ್ಲೆ," ಎಂದು ಆ ಉದಕವನ್ನು, ಎಂದರೆ ಅವರೆ ಸಾರನ್ನು, ಸುರಿದುಕೊಳ್ಳುತ್ತ ಆಗಾಗ ಹೇಳುತ್ತಿದ್ದ.

ಪದ್ಯ ಕಟ್ಟಲು ಅವಳಿಗೆ ಮೇಜೂ ಬೇಕಿರಲಿಲ್ಲ, ಮೌನವೂ ಬೇಕಿರಲಿಲ್ಲ. ಅವರೆ ಸುಲಿಯುತ್ತ, ಹಸುವಿಗೆ ಹುಲ್ಲು ಹಾಕುತ್ತ ಸಾಲುಗಳನ್ನು ಬಾಯಲ್ಲೇ ಹೊರಳಿಸಿ ನೋಡುವಳು. ಸಂಜೆ ತೇನ್ಮೊಳಿಗೆ ಒಂದೇ ಸಲ ಹೇಳುವಳು. ಮರುದಿನ ಹುಡುಗಿಗೆ ನೆನಪಿದ್ದ ಸಾಲು ಉಳಿಯಿತು, ಮರೆತ ಸಾಲು ಹೋಯಿತು. ಎಷ್ಟೋ ಚೆಂದದ ಸಾಲುಗಳು ಹೀಗೆ ಕಸಕ್ಕೆ ಹೋಗಿದ್ದವು, ಲಿಂಗಿಗೆ ಅದರ ಬಗ್ಗೆ ಬೇಸರವೂ ಇರಲಿಲ್ಲ.

ಐಪ್ಪಸಿ ತಿಂಗಳ ಮಳೆ ಹಿಡಿದಿದ್ದ ವಾರ ಮನೆಯ ಬೆಕ್ಕು ಮೀಸಿ ಸತ್ತಿತು. ಪಿಕಪ್ಪಿನ ಚಕ್ರದ ಕೆಳಗೆ ಬೆಚ್ಚಗೆ ಮಲಗಿತ್ತು, ಮುರಳೀಧರನ್ ನೋಡದೆ ಗಾಡಿ ಹಿಂದಕ್ಕೆ ತೆಗೆದ. ತೇನ್ಮೊಳಿ ಅತ್ತು ಅತ್ತು ಊಟ ಬಿಟ್ಟಳು. ಮರುದಿನ ಕೇರಿಯ ಮಕ್ಕಳೆಲ್ಲ ಸೇರಿ ಚಹಾ ಗಿಡಗಳ ಅಂಚಿನಲ್ಲಿ ಗುಂಡಿ ತೋಡಿದರು. ಆಮೇಲೆ ತೇನ್ಮೊಳಿ ಕೆಸರುಗಾಲಲ್ಲೇ ಒಳಗೆ ಬಂದಳು.

"ಹೆತ್ತೆ," ಎಂದಳು ಅಜ್ಜಿಗೆ, "ಜನ ಸತ್ತರೆ ಜೋಗಿ ತಾತ ನಿಂತುಕೊಂಡು ಎನೋ ಹೇಳುತಾರಲ್ಲ, ಎಲ್ಲರು ‘ಪಾಪ, ಪಾಪ’ ಅನ್ನುತಾರಲ್ಲ. ಮೀಸಿಗೆ ಆರು ಹೇಳುವದು?"

ಅವರ ಜನದಲ್ಲಿ ಅಂಥದೊಂದು ಪದ್ಧತಿ. ಹೆಣವನ್ನು ಕಾಡಿಗೆ ಒಯ್ಯುವ ಮೊದಲು ಹಿರೀಕನೊಬ್ಬ ಎದ್ದು ನಿಂತು, ಸತ್ತವರು ಹುಟ್ಟಿದಾಗಿನಿಂದ ಮಾಡಿದ ಪಾಪಗಳನ್ನು ಸಾಲುಸಾಲಾಗಿ ಹೇಳುತ್ತಾನೆ. ನೆರೆದವರು ಪ್ರತಿ ಸಾಲಿಗೂ ‘ಪಾಪ’ ಎಂದು ಒಪ್ಪಿಕೊಳ್ಳುತ್ತಾರೆ. ಕೊನೆಗೆ ಅಷ್ಟನ್ನೂ ಒಂದು ಕರುವಿನ ಮೇಲೆ ಹೇರಿ ಬಿಟ್ಟುಬಿಡುವುದು. ಹಿಂದೆ ನಿಜವಾದ ಕರುವನ್ನೇ ಬಿಡುತ್ತಿದ್ದರಂತೆ, ಈಗ ಬಾಯಿಮಾತಿನಲ್ಲೇ ಆಗುತ್ತದೆ. ಸತ್ತವರು ಯಾರೇ ಇರಲಿ, ಹೇಳುವ ಪಾಪಗಳು ಮಾತ್ರ ಅವೇ. ಹಟ್ಟಿಯಲ್ಲಿ ಆ ಮಾತು ಬರುತ್ತಿದ್ದದ್ದು ಜೋಗಿ ಎಂಬ ಮುದುಕನೊಬ್ಬನಿಗೆ, ಮತ್ತು ಹೆಣದ ಮುಂದಲ್ಲದೆ ಬೇರೆಲ್ಲೂ ಅದನ್ನು ಆಡಬಾರದು.

ಆಗಲೇ ಲಿಂಗಿ ‘ಅದೆಲ್ಲ ಬೆಕ್ಕಿಗೆ ಇಲ್ಲ, ಹೋಗಿ ಕಾಲು ತೊಳಿ’ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹುಡುಗಿಯ ಮುಖ ನೋಡಿ ಅವಳಿಗೆ ಕರುಳು ಚುರ್ ಎಂದಿತು, ಬಾಯಿ ಆಗಲೇ ಸಾಲು ಹೊರಳಿಸುತ್ತಿತ್ತು. ಸೆರಗು ತಲೆಗೆ ಹೊದ್ದು ಮಳೆಯಲ್ಲೇ ಗುಂಡಿಯ ಬಳಿ ಹೋಗಿ ನಿಂತು ಹೇಳಿದಳು:

ಹೆತ್ತೆಯ ಹಾಲಿಗೆ ಮೂತಿಯನಿಟ್ಟದು
— ಪಾಪ!
ಅಜ್ಜನ ಕಂಬಳಿ ಮೇಲೆಯೆ ಹೆತ್ತದು
— ಪಾಪ!
ನೆರೆಮನೆ ಒಣಮೀನು ಕಚ್ಚಿ ತಂದದು,
ನಮ್ಮನೆ ಅಟ್ಟದಿ ಮೆಲ್ಲನೆ ತಿಂದದು
— ಪಾಪ, ಪಾಪ!

ಮೂರನೇ ಪಾಪಕ್ಕೆ ಅಳುತ್ತಿದ್ದ ಮಕ್ಕಳೆಲ್ಲ ನಗುತ್ತಿದ್ದರು, ತೇನ್ಮೊಳಿ ಎಲ್ಲರಿಗಿಂತ ಜೋರಾಗಿ. ಆ ದಿನ ಹುಡುಗಿ ಎರಡು ಸಲ ರಾಗಿ ಹಿಟ್ಟು ಹಾಕಿಸಿಕೊಂಡು ತಿಂದಳು.

ಅಲ್ಲಿಗೆ ಮುಗಿಯಲಿಲ್ಲ. ಮಕ್ಕಳಿಗೆ ಅದೇ ಆಟವಾಯಿತು. ಒಬ್ಬರು ಕಲ್ಲಿನ ಮೇಲೆ ನಿಂತು ಪಾಪ ಎಣಿಸುವುದು, ಉಳಿದವರು ಉತ್ತರ ಕೊಡುವುದು. ಮೀಸಿಯ ಪಾಪ ಮುಗಿದ ಮೇಲೆ ಬಸ್ ಕಂಡಕ್ಟರನ ಪಾಪ, ಅದಾದ ಮೇಲೆ ಕಾಡುಹಂದಿಯ ಪಾಪ. ತಮ್ಮತಮ್ಮಲ್ಲೇ ತಮಿಳಿನಲ್ಲಿ ಜಗಳವಾಡುತ್ತಿದ್ದ ಮಕ್ಕಳು ಪಾಪ ಎಣಿಸಲು ಮಾತ್ರ ಬಡಗ ಮಾತನ್ನೇ ಹುಡುಕುತ್ತಿದ್ದರು, ಗೊತ್ತಿಲ್ಲದ ಪದಕ್ಕೆ ಲಿಂಗಿಯ ಅಡುಗೆಮನೆಗೆ ಓಡಿ ಬರುತ್ತಿದ್ದರು. ಲಿಂಗಿಗೆ ಅದನ್ನು ಕಂಡು ಹಿಗ್ಗೋ ಹಿಗ್ಗು. ಪುಸ್ತಕದ ಕೊನೆಗೆ ಇದೂ ಇರಲಿ ಎಂದು ಸೆಲ್ವಕುಮಾರನಿಗೆ ಹೇಳಿ ಕಳಿಸಿದಳು.

ಅದೇ ವಾರದ ಕೊನೆಗೆ ಪಾಪಾತಿ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ಮೂಳೆ ಮುರಿದಿರಲಿಲ್ಲ, ಆದರೆ ಸೊಂಟ ಊದಿಕೊಂಡಿತು, ಜ್ವರವೂ ಹಿಡಿಯಿತು. ನೋಡಲು ಬಂದ ಕೇರಿಯ ಹೆಂಗಸರು ಕಾಫಿ ಕುಡಿದು, ಹೋಗುವಾಗ ಬಾಗಿಲಲ್ಲಿ ನಿಂತು ಅದನ್ನೇ ಹೇಳಿ ಹೋದರು: ದಿನ ಬೆಳಗಾದರೆ ಅಂಗಳದಲ್ಲಿ ಸಾವಿನ ಮಾತು ಕೂಗಿಸಿದರೆ ಇನ್ನೇನಾಗುತ್ತದೆ?

ಆ ಸಂಜೆ, ಮುದುಕಿ ಜ್ವರದ ಮಂಪರಿನಲ್ಲಿ ಮಲಗಿದ್ದಾಗ, ಊಟಕ್ಕೆ ಕೂತ ಭೋಜನ್ ತಟ್ಟೆಯನ್ನು ಮುಟ್ಟಲಿಲ್ಲ.

"ಎಂಗ ಅಂಗಳದಲ್ಲೇ ಸಾವ ಕೂಗಿ ಕರೆದದು. ಎಂಗ ಅವ್ವೆ ಬೀಳದೆ ಆರು ಬೀಳುವದು?"

"ಅವ್ವೆ ಬಿದ್ದದು ಪಾಚಿಗೆ," ಎಂದಳು ಲಿಂಗಿ. "ಆ ಕಲ್ಲ ಉಜ್ಜಿ ಹಾಕಿ ಅಂತ ದೀಪಾವಳಿಂದ ನಿಂಗಗೆ ಹೇಳುತಿದ್ದೆ."

"ಪಾಚಿ ಇರಲಿ ಮಾಮಿ," ಎಂದು ಸರಣ್ಯಾ ನಡುವೆ ಬಾಯಿ ಹಾಕಿದಳು. "ಶಾಲೆಯಲ್ಲಿ ನಾ ತಲೆ ಎತ್ತುವ ಹಾಗಿಲ್ಲೆ. ಇವಳು ಲಂಚ್ ಹೊತ್ತಲ್ಲಿ ಬೆಂಚ್ ಹತ್ತಿ ನಿಂತು ಹೆಡ್‌ಮಿಸ್ ಪಾಪ ಎಣಿಸಿದಾಳೆ."

"ಎಷ್ಟು ಎಣಿಸಿದಳು?" ಎಂದು ಮುರಳೀಧರನ್ ಕೇಳಿದ.

"ನಿಂಗ ನಗಬೇಡಿ. ಬೆಕ್ಕ ಕೊಂದದು ನಿಂಗ, ಬೈಸಿಕೊಂಡದು ನಾ."

ತೇನ್ಮೊಳಿ ತಟ್ಟೆಯೊಳಗೆ ಮುಖವಿಟ್ಟುಕೊಂಡು ತಿನ್ನುತ್ತಿದ್ದಳು, ಹಾಲು ಕದ್ದು ಕುಡಿದ ಬೆಕ್ಕಿನ ಹಾಗೆ.

"ನಾಳೆ ಪ್ರೆಸ್ಸಿಗೆ ಫೋನ್ ಮಾಡು," ಎಂದ ಭೋಜನ್. "ಆ ಪದ್ಯ ತೆಗೆಸು."

"ತೆಗೆಸುವದಿಲ್ಲೆ."

"ಒಂದು ಪದ್ಯ ಹೋದರೆ ನಿನ್ನ ಮನೆ ಮುಳುಗುತಾ?"

"ಇಷ್ಟು ವರ್ಷದಲ್ಲಿ ನಾ ಹೇಳಿದ ಪದ್ಯ ಮಕ್ಕ ಹಾಗೇ ಒಪ್ಪಿಸಿದರು. ಇದೊಂದ ಮಾತ್ರ ತಾವೇ ಬೆಳೆಸುತಾರೆ. ಹಂದಿಗೆ ಎನ ಪಾಪ, ಕಂಡಕ್ಟರಿಗೆ ಎನ ಪಾಪ ಅಂತ ಎಂಗ ಮಾತಲ್ಲಿ ಯೋಚನೆ ಮಾಡುತಾರೆ. ಅದ ಎಳೆದು ಬಿಸಾಡು ಅಂದರೆ ನಾ ಬಿಸಾಡುವದಿಲ್ಲೆ."

"ಹಾಗಾದರೆ ನಿನ್ನ ಕೈ ಅನ್ನ ನನಗೆ ಬೇಡ," ಎಂದು ಭೋಜನ್ ಎದ್ದ.

ಎದ್ದವನು ಮಾತಿಗೆ ತಪ್ಪಲಿಲ್ಲ. ಮರುದಿನದಿಂದ ತಾನೇ ಒಲೆ ಹಚ್ಚಿ, ತಾನೇ ರಾಗಿ ಹಿಟ್ಟು ತಿರುವಿ, ಗಂಟು ಗಂಟಾದ ಮುದ್ದೆಯನ್ನು ಗೋಡೆ ಕಡೆ ಮುಖ ಮಾಡಿ ಕೂತು ನುಂಗುತ್ತಿದ್ದ. ಪಾತ್ರೆ ತಳ ಹಿಡಿದು ಕಪ್ಪಾದರೆ ಉಜ್ಜುವುದು ಮಾತ್ರ ಲಿಂಗಿಯ ಪಾಲಿಗೆ ಬರುತ್ತಿತ್ತು. ಅವಳು ಬೂದಿ ಹಾಕಿ ಗರಗರ ಉಜ್ಜುವಳು. ಒಂದು ವಾರ ಹೋಯಿತು, ಎರಡನೆಯದೂ ಬಂತು. ಸರಣ್ಯಾ ಶಾಲೆಗೆ ಹೋಗುವ ಮೊದಲು ಮುದುಕಿಯ ಸೊಂಟಕ್ಕೆ ಎಣ್ಣೆ ತಿಕ್ಕುವಳು, ಲಿಂಗಿ ಹಗಲೆಲ್ಲ ಬಿಸಿನೀರು ಕಾಸುವಳು. ಮುದುಕಿಯ ಕಿವಿಗೆ ಈ ರಗಳೆ ಬೀಳಬಾರದು ಎಂದು ಭೋಜನ್ ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದ.

ಲಿಂಗಿ ಒಂದು ಮಧ್ಯಾಹ್ನ ನೇರ ಜೋಗಿಯ ಮನೆಗೇ ಹೋದಳು. ಜೋಗಿ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಕಟ್ಟು ಕಟ್ಟುತ್ತಿದ್ದ. ಕೂರು ಎಂದ, ಬೈಯಲಿಲ್ಲ.

"ಆ ಮಾತ ಹೇಳುವ ದಿನ ನಾ ಬಾಯಿಗೆ ನೀರು ಹಾಕುವದಿಲ್ಲೆ, ಲಿಂಗಿ," ಎಂದ. "ನಿನ್ನ ಮಕ್ಕ ಬಿಸ್ಕೆಟ್ ತಿಂದುಕೊಂಡು ಹೇಳುತಾರೆ."

ಲಿಂಗಿಗೆ ನಾಚಿಕೆಯಾಯಿತು. ತಪ್ಪು ಎಂದು ಅನ್ನಿಸಿ ತಲೆ ತಗ್ಗಿಸಿದಳು. ತಗ್ಗಿಸಿದ ತಲೆಯಲ್ಲೇ ಒಂದು ಕಟ್ಟು ಬೆಳ್ಳುಳ್ಳಿ ಎತ್ತಿಕೊಂಡು ನಾರು ಸುತ್ತಿದಳು.

"ಮಾವ, ಹೋದ ಸಲ ಬೆಳ್ಳಿಯಕ್ಕ ಸತ್ತಾಗ ನಿಂಗಗೆ ಉತ್ತರ ಕೊಟ್ಟವರು ಆರು?"

"ಮುದುಕರು."

"ಹುಡುಗರು?"

"ಫೋನ್ ಎತ್ತಿ ಹಿಡಿದಿದ್ದರು. ಫೋನಿಗಾದರು ಕೇಳಲಿ ಅಂತ ಹೇಳಿದೆ." ಜೋಗಿ ನಕ್ಕ. ನಗು ಕೆಮ್ಮಾಗಿ ಸ್ವಲ್ಪ ಹೊತ್ತು ಅವನನ್ನು ಅಲುಗಾಡಿಸಿತು. "ನೋಡು, ತೆಗೆವದು ಬಿಡುವದು ನಿನ್ನದು. ನಾ ಕೋರ್ಟಿಗೆ ಹೋಪವನಲ್ಲ. ಆದರೆ ಪಾಪಾತಿ ಅಕ್ಕನ ಕೇಳಿದೆಯಾ? ಮಂಚ ಹಿಡಿದವಳು ಅವಳು. ಭೋಜನೂ ಮಾತಾಡಿದ, ಕೇರಿಯವರೂ ಮಾತಾಡಿದರು. ಅವಳ ಬಾಯಿಂದ ಒಂದು ಮಾತು ಆರೂ ಕೇಳಿಲ್ಲೆ."

ಮನೆಗೆ ಬರುವಷ್ಟರಲ್ಲಿ ಸೆಲ್ವಕುಮಾರನ ಫೋನು. "ಅಮ್ಮಾ, ಸೋಮವಾರ ಮೆಷಿನ್‌ಗೆ ಹಾಕುತ್ತೇನೆ. ಕೊನೇ ಪದ್ಯ ಇದೆಯಾ, ಇಲ್ಲವಾ?" ಎಂದ. ಸೋಮವಾರದೊಳಗೆ ಹೇಳುತ್ತೇನೆ ಎಂದಳು ಲಿಂಗಿ.

ಮರುದಿನ ಎಲ್ಲರೂ ಹೊರಟುಹೋದ ಮೇಲೆ ಅವಳು ಗಂಜಿ ಬಟ್ಟಲು ಹಿಡಿದು ಅತ್ತೆಯ ಮಂಚದ ಬಳಿ ಕೂತಳು. ಮಾತು ಶುರುಮಾಡಿದವಳು ಪಾಪಾತಿಯೇ.

"ಆರು ಸತ್ತರು?"

"ಆರೂ ಇಲ್ಲೆ ಮಾಮಿ."

"ಮತ್ತೆ ನನ್ನ ಮಗ ಏಕ ತಾನೇ ಹಿಟ್ಟು ತಿರುವಿ ಗೋಡೆ ನೋಡಿಕೊಂಡು ತಿನ್ನುತಾನೆ? ಜ್ವರ ಬಂದದು ನನ್ನ ಮೈಗೆ, ಕಣ್ಣಿಗೆ ಅಲ್ಲ."

ಲಿಂಗಿ ಬಟ್ಟಲನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ಕೇರಿಯ ಹೆಂಗಸರು ಅಂದದ್ದನ್ನೂ ಮುಚ್ಚಿಡಲಿಲ್ಲ. ಆಮೇಲೆ, ಕಾಯಿಲೆಯ ಮುದುಕಿಯ ಮುಖಕ್ಕೆ ಮುಖವಿಟ್ಟು, ಆಡಬಾರದ ಆ ಪದ್ಯವನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು.

ಪಾಪಾತಿ ನಗಲಿಲ್ಲ. "ಹಾಲು ಅದು ಕದ್ದದಲ್ಲ," ಎಂದಳು. "ನಾನೇ ಕೊಡುತಿದ್ದೆ. ಅದು ಸುಳ್ಳು ಪಾಪ."

"ತಿಳಿಯದೆ ಹೇಳಿದೆ ಮಾಮಿ."

"ಸಾವ ಕರೆದೆ ಅಂತ ಬೈವದು ಮೂಢರ ಮಾತು. ಈ ವಯಸ್ಸಲ್ಲಿ ಕರೆಯದಿದ್ದರೂ ಬಪ್ಪದು." ಮುದುಕಿ ಕಂಬಳಿಯ ಅಂಚನ್ನು ಎಳೆದುಕೊಂಡಳು. "ನನ್ನ ಹೆದರಿಕೆ ಬೇರೆ. ನನ್ನ ಮಂಚವ ಅಂಗಳದಲ್ಲಿ ಇಡುತಾರೆ. ಜೋಗಿ ಹೇಳುತಾನೆ. ಹಾಲಿನ ಪಾಪ ಬಪ್ಪಾಗ ಈ ಮಕ್ಕಗೆ ಬೆಕ್ಕು ನೆನಪಾಗುತು. ನಗುತಾರೆ. ನನ್ನ ಸಾವಲ್ಲಿ ನಿಂತು ನಗುತಾರೆ, ಲಿಂಗಿ."

ಇದನ್ನು ಇದುವರೆಗೆ ಯಾರೂ ಹೇಳಿರಲಿಲ್ಲ. ಗಂಡ ಅನ್ನ ಬಿಟ್ಟಾಗ ಲಿಂಗಿಗೆ ಸಿಟ್ಟು ಬಂದಿತ್ತು, ಜೋಗಿ ಅಂದಾಗ ನಾಚಿಕೆಯಾಗಿತ್ತು. ಈಗ ಭಯವಾಯಿತು. ತೆಗೆಸಿಬಿಡುತ್ತೇನೆ ಮಾಮಿ ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

"ನಗುತಾರೆ," ಎಂದಳು. "ನಿಂಗಗೆ ಸುಳ್ಳು ಹೇಳುವದಿಲ್ಲೆ. ಆದರೆ ಈಗ ಅವು ನಗುವದೂ ಇಲ್ಲೆ, ಅಳುವದೂ ಇಲ್ಲೆ. ಜೋಗಿ ಮಾವ ಎನ ಹೇಳುತಾರೆ ಅಂತ ಒಂದು ಕೂಸಿಗೂ ತಿಳಿವದಿಲ್ಲೆ. ಬೇರೆ ಊರವರ ಸಾವಿಗೆ ಬಂದ ಹಾಗೆ ನಿಂತಿರುತಾರೆ. ನಕ್ಕರೆ ತಿಳಿದು ನಗುತಾರೆ ಮಾಮಿ."

ಪಾಪಾತಿ ಹಲ್ಲಿಲ್ಲದ ದವಡೆ ಆಡಿಸಿದಳು. ಹೊರಗೆ 'ಅಂಬಾ' ಎಂದ ಹಸುವಿಗೆ ಲಿಂಗಿ ಎದ್ದುಹೋಗಲಿಲ್ಲ.

"ಅಚ್ಚು ಹಾಕಿಸು," ಎಂದಳು ಮುದುಕಿ ಕೊನೆಗೆ. "ಆದರೆ ಒಂದು ಮಾತು. ನಗಿಸಿದವಳು ನೀ. ಆ ದಿನ ನಿಲ್ಲಿಸುವವಳೂ ನೀನೇ ಆಗಬೇಕು. ಭೋಜ ಅಲ್ಲ, ಜೋಗಿ ಅಲ್ಲ, ನೀ. ಹೆಂಗಸರ ನಡುವೆ ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತರೆ ನಾ ಒಪ್ಪುವದಿಲ್ಲೆ. ನನ್ನ ಸಾವ ಕೆಡಬಾರದು."

"ಆಗಲಿ ಮಾಮಿ."

"ಹೇಗೆ ನಿಲ್ಲಿಸುವೆ?"

"ತಿಳಿಯದು. ಆದರೆ ನಿಲ್ಲಿಸುವೆ."

"ಸರಿ. ಗಂಜಿಗೆ ಉಪ್ಪು ಹಾಕು, ಸಪ್ಪೆ."

ಅವ್ವೆಗೆ ಎಲ್ಲ ಹೇಳಿದ್ದು ತಿಳಿದು ಸಂಜೆ ಭೋಜನ್ ಕೆಂಡವಾದ. ಲಿಂಗಿಯನ್ನು ಬೈದು, ಅವ್ವೆಯ ಹತ್ತಿರ ಹೋಗಿ ನಿಂತ. ಅವ್ವೆ ಅವನಿಗೆ ಬಾಯಿ ತೆರೆಯಲೂ ಬಿಡಲಿಲ್ಲ. "ನಾನೇ ಹೇಳಿದೆ. ಹೋಗಿ ನೆಟ್ಟಗೆ ಊಟ ಮಾಡು, ಮನೆಯೆಲ್ಲ ಸೀದ ನಾತ," ಎಂದಳು. ಅವನು ಬಂದು ಕೂತು ಲಿಂಗಿ ಬಡಿಸಿದ್ದನ್ನು ಉಂಡ. ಉಂಡು ಕೈ ತೊಳೆಯುವಾಗ ಮಾತ್ರ, ಅವಳ ಕಡೆ ನೋಡದೆ ಹೇಳಿದ: "ಆ ದಿನ ಒಂದು ಕೂಸು ನಕ್ಕರೂ ಆ ಪುಸ್ತಕವೆಲ್ಲ ಒಲೆಗೆ ಹಾಕುವೆ. ಆಮೇಲೆ ನೀ ಈ ಮನೆಯಲ್ಲಿ ಪದ್ಯ ಅನ್ನುವ ಮಾತು ಎತ್ತಬಾರದು."

"ಆಗಲಿ," ಎಂದಳು ಲಿಂಗಿ ಅವನಿಗೂ.

ಪುಸ್ತಕ ಬಂತು. ಮಕ್ಕಳು ಅದನ್ನು ಒಂದೇ ದಿನದಲ್ಲಿ ಹಿಂಡಿ ಹಿಪ್ಪೆ ಮಾಡಿದರು. ಲಿಂಗಿ ಆ ವಾರದಿಂದಲೇ ತನ್ನ ಕೆಲಸ ಶುರುಮಾಡಿದಳು. ಭಾನುವಾರ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ, ಮೀಸಿಯ ಪದ್ಯ ಬೇರೆ, ಜೋಗಿ ತಾತನ ಮಾತು ಬೇರೆ ಎಂದು ತಿಳಿಸಿ ಹೇಳಿದಳು. ಮಕ್ಕಳು ತಲೆಯಾಡಿಸಿದರು. "ನಗುತೀರಾ?" ಎಂದು ಕೇಳಿದಳು. "ಇಲ್ಲೆ," ಎಂದು ಹೇಳುತ್ತಲೇ ಕಿಸಕ್ಕೆಂದರು. ಗದರಿಸಿದಳು, ಇನ್ನೂ ನಕ್ಕರು. ತುಪ್ಪದ ಹಿಟ್ಟೆಂಬ ಸಿಹಿ ಕಜ್ಜಾಯ ಕರಿದು, ನಗದೆ ಕೂತವರಿಗೆ ಎರಡು ಎಂದಳು. ತಿಂದು ಮುಗಿಸಿ ನಕ್ಕರು. ನಗಬೇಡ ಎಂದಷ್ಟೂ ಉಕ್ಕುವುದು ನಗುವಿನ ಜಾತಿಗುಣ. ಒಂದು ಬಾಲವಾಡಿಯನ್ನು ಅಷ್ಟು ವರ್ಷ ಆಳಿದವಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೂ ಕೈಬಿಡಲಿಲ್ಲ. ಮುಂದಿನ ಭಾನುವಾರ ಮತ್ತೆ ಕೂರಿಸಿದಳು.

ಪಾತ್ರೆ ತೊಳೆಯುವಾಗ ಒಂದು ದಿನ ಸರಣ್ಯಾ ಹೇಳಿದಳು: "ಮಾಮಿ, ಕ್ಲಾಸಲ್ಲಿ ಮಕ್ಕ ನಕ್ಕರೆ ನಾ ನಗುವ ನಿಲ್ಲಿಸಲಿಕ್ಕೆ ಹೋಪದಿಲ್ಲೆ. ನಿಲ್ಲಿಸಿ ನೋಡಿದರೆ ಆ ನಗುವೇ ಪಾಠ ಆಗುತು. ನಾ ಮುಂದಿನ ಸಾಲು ಓದುವೆ. ಅವರೂ ಹಿಂದೆ ಬಪ್ಪಾರು."

"ಬಾರದಿದ್ದರೆ?"

"ಅದರ ಮುಂದಿನ ಸಾಲು ಓದುವೆ."

ಲಿಂಗಿ ತೊಳೆದ ತಟ್ಟೆಯನ್ನೇ ಮತ್ತೊಮ್ಮೆ ತೊಳೆದಳು. ಸೊಸೆಯ ಮಾತಿಗೆ ಅವಳು ಅಷ್ಟು ಬೆಲೆ ಕೊಟ್ಟದ್ದು ಅದೇ ಮೊದಲು.

ಪಾಪಾತಿ ಎದ್ದು ಓಡಾಡಿದಳು. ಕುಲದೇವತೆ ಹೆತ್ತೆಯ ಹಬ್ಬಕ್ಕೆ ಬಿಳಿ ಬಟ್ಟೆ ಉಟ್ಟು, ಕೋಲು ಊರಿ, ಅಂಗಳದವರೆಗೆ ಬಂದು ನಿಂತು ಹಾದುಹೋದವರಿಗೆಲ್ಲ ತಲೆ ಮುಟ್ಟಿ ಹರಸಿದಳು. ಗೆದ್ದೆವು ಎಂದುಕೊಂಡರು ಮನೆಯವರು. ಹಬ್ಬ ಕಳೆದು ಹಿಮ ಬೀಳತೊಡಗಿ, ಚಹಾದ ಚಿಗುರು ಸುಟ್ಟು ಕಂದಾಗಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಚಹಾ ಕೇಳಿದಳು. ಲಿಂಗಿ ಲೋಟ ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಮರುದಿನ ಅಂಗಳ ತುಂಬಿತು. ನಂಜನಾಡಿನಿಂದ ನೆಂಟರು, ಸುತ್ತಲ ಹಟ್ಟಿಗಳಿಂದ ಗಂಡಸರು ಬಂದಿದ್ದರು. ಮಂಚದ ಸುತ್ತ ಬಿಳಿ ಹೊದ್ದ ಹೆಂಗಸರು ಕೂತು ಅಳುತ್ತಿದ್ದರು. ಲಿಂಗಿ ಅವರ ನಡುವೆ ಇದ್ದಳು, ಕಣ್ಣು ಮಾತ್ರ ಗೋಡೆಯ ಪಕ್ಕ ನಿಂತಿದ್ದ ಮಕ್ಕಳ ಮೇಲಿತ್ತು. ಶಾಲೆಯ ಸ್ವೆಟರ್ ಹಾಕಿಕೊಂಡು ತೇನ್ಮೊಳಿ ಎಲ್ಲರ ಮುಂದೆ ನಿಂತಿದ್ದಳು, ಅತ್ತು ಮೂಗು ಕೆಂಪಾಗಿತ್ತು.

ಜೋಗಿ ಎದ್ದ. ಅವನ ತುಟಿ ಒಣಗಿ ಬಿರಿದಿತ್ತು. ಪಾಪಾತಿಯ ಹೆಸರು ಹೇಳಿ, ಅವಳ ಅಪ್ಪನ ಹೆಸರು ಹೇಳಿ ಶುರುಮಾಡಿದ. ಮೊದಲ ಪಾಪಕ್ಕೆ ಮುದುಕರ ನಾಲ್ಕಾರು ದನಿ ಎದ್ದವು. ಎರಡನೆಯದಕ್ಕೂ ಅಷ್ಟೇ. ಯುವಕರು ಫೋನ್ ಎತ್ತಿ ಹಿಡಿದಿದ್ದರು.

"ಹಸಿದ ಕರುವ ಕಟ್ಟಿ ಹಾಲ ಕರೆದದು," ಎಂದ ಜೋಗಿ.

ತೇನ್ಮೊಳಿ ಸ್ವೆಟರಿನ ತೋಳನ್ನು ಬಾಯಿಗೆ ಒತ್ತಿಕೊಂಡಳು. ಆದರೂ ಮೂಗಿನಿಂದ ನಗು ಹೊರಬಂತು. ಪಕ್ಕದ ಹುಡುಗ ಅದನ್ನು ಕೇಳಿ ನಕ್ಕ. ಆಮೇಲೆ ಗೋಡೆಯುದ್ದಕ್ಕೂ ಮಕ್ಕಳು ಭುಜ ಕುಣಿಸುತ್ತ, ಹೊಟ್ಟೆ ಹಿಡಿದುಕೊಂಡು, ತಡೆಯಲಾರದೆ ನಕ್ಕರು.

ಜೋಗಿ ನಿಲ್ಲಿಸಿಬಿಟ್ಟ. ಅವನ ಜನ್ಮದಲ್ಲಿ ಆ ಮಾತು ಹೀಗೆ ನಡುವೆ ನಿಂತದ್ದಿಲ್ಲ. ಅಳುವ ಹೆಂಗಸರೂ ಸುಮ್ಮನಾದರು. ನೆಂಟರಲ್ಲಿ ಯಾರೋ ಛೀ ಎಂದರು. ಭೋಜನ್ ತಿರುಗಿದ. ನೋಡಿದ್ದು ಮಕ್ಕಳನ್ನಲ್ಲ, ಲಿಂಗಿಯನ್ನು.

ಲಿಂಗಿ ಎದ್ದಳು. ಹಿಂದಿನಿಂದ ಯಾರೋ ಸೆರಗು ಎಳೆದರು, ಬಿಡಿಸಿಕೊಂಡಳು. ಗಂಡಸರ ನಡುವೆ ಹಾದು ಮಕ್ಕಳ ಪಕ್ಕದಲ್ಲಿ ಹೋಗಿ ನಿಂತಳು. ಗದರಲಿಲ್ಲ, ಕಣ್ಣು ಕೆಕ್ಕರಿಸಲಿಲ್ಲ, ಅವರ ಕಡೆ ನೋಡಲೂ ಇಲ್ಲ. ಜೋಗಿಯನ್ನೇ ನೋಡುತ್ತ, ಉತ್ತರವಿಲ್ಲದೆ ನಿಂತುಹೋಗಿದ್ದ ಆ ಸಾಲಿಗೆ, "ಪಾಪ," ಎಂದಳು. ಆ ಹಟ್ಟಿಯಲ್ಲಿ ಹೆಂಗಸೊಬ್ಬಳು ನಿಂತು ಉತ್ತರ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಜೋಗಿ ಅವಳನ್ನು ನೋಡಿದ. ಬೈದು ಕೂರಿಸಬಹುದಿತ್ತು. ಮುಂದಿನ ಸಾಲು ಹೇಳಿದ.

"ನೆರೆಯವರ ಹೊಲದ ನೀರ ತಿರುಗಿಸಿದದು."

"ಪಾಪ," ಎಂದಳು ಲಿಂಗಿ ಒಬ್ಬಳೇ. ಪಕ್ಕದಲ್ಲಿ ಇನ್ನೂ ಕಿಸಕಿಸ ಕೇಳುತ್ತಿತ್ತು.

"ಬಂದವರ ಮುಂದೆ ಬಾಗಿಲ ಹಾಕಿದದು."

"ಪಾಪ." ಈ ಸಲ ಹೆಂಗಸರ ಕಡೆಯಿಂದ ಸರಣ್ಯಾಳ ದನಿಯೂ ಬಂತು.

"ಉರಿವ ಒಲೆಗೆ ನೀರ ಹೊಯ್ದದು."

"ಪಾಪ." ಒಂದು ಮಗುವಿನ ದನಿ ಸೇರಿತು. ಎಲ್ಲಿ ಉಸಿರು ಬಿಟ್ಟು ಎಲ್ಲಿ ಉತ್ತರ ಕೊಡಬೇಕೆಂದು ಆ ಮಕ್ಕಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡು ತಿಂಗಳಿಂದ ಕಲ್ಲಿನ ಮೇಲೆ ನಿಂತು ಅದನ್ನೇ ಆಡಿದ್ದರು. ಮುಂದಿನ ಸಾಲಿಗೆ ಇನ್ನಿಬ್ಬರು, ಅದರ ಮುಂದಿನದಕ್ಕೆ ಗೋಡೆಯ ಉದ್ದಕ್ಕೂ. ಉತ್ತರ ಕೊಡುವ ಬಾಯಿಗೆ ನಗಲು ಪುರುಸೊತ್ತು ಸಿಗಲಿಲ್ಲ. ಮಕ್ಕಳ ದನಿ ಕೇಳಿ ಯುವಕರು ಒಬ್ಬೊಬ್ಬರಾಗಿ ಫೋನ್ ಇಳಿಸಿದರು.

ಮೂರು ಸಲ ಹೇಳಬೇಕಾದ ಮಾತು ಅದು. ಎರಡನೇ ಸಲ ಹಾಲಿನ ಪಾಪ ಬಂದಾಗ ಜೋಗಿ ಮಕ್ಕಳ ಕಡೆ ನೋಡಿ ಒಂದು ಉಸಿರು ಕಾದ. ಮಕ್ಕಳು "ಪಾಪ" ಎಂದರು. ತೇನ್ಮೊಳಿ ಬಿಕ್ಕುತ್ತ ಅಂದಳು. ಆ ಸಲದ ಕೊನೆಯ ಸಾಲು ಮುಗಿದು ಅಂಗಳ ಸದ್ದಿಲ್ಲದೆ ನಿಂತಿದ್ದಾಗ, ಅವಳು ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೇಳಿಬಿಟ್ಟಳು.

"ಜೋಗಿ ತಾತ, ದೊಡ್ಡ ಹೆತ್ತೆ ನಿಜಕ್ಕೂ ಇದೆಲ್ಲ ಮಾಡಿದಾಳಾ?"

ಆ ಮಾತಿನ ನಡುವೆ ಬೇರೆ ಮಾತು ಆಡುವಂತಿಲ್ಲ. ಆದರೂ ಜೋಗಿ ಉತ್ತರ ಕೊಟ್ಟ.

"ಇಲ್ಲೆ ಕೂಸು. ಅವಳು ಮಾಡಿಲ್ಲೆ. ಎಂಗ ಎಲ್ಲರು ಮಾಡಿದದು. ಹೋಪವಳು ಹೊತ್ತುಕೊಂಡು ಹೋಪಳು."

"ಭಾರ ಆಗುವದಿಲ್ಲೆಯಾ?"

"ಆಗುತು. ಅದಕ್ಕೇ ನಿಂಗ ಎಲ್ಲ ಗಟ್ಟಿಯಾಗಿ ಹೇಳಬೇಕು."

ಮೂರನೇ ಸಲ ಮಕ್ಕಳು ಕೊಟ್ಟ ಉತ್ತರಕ್ಕೆ ಎದುರು ಗುಡ್ಡದ ತೋಟದಲ್ಲಿ ಗಿಡ ಸವರುತ್ತಿದ್ದವರು ತಲೆ ಎತ್ತಿ ನೋಡಿದರು. ಭೋಜನ್ ಬಂದು ಮೊಮ್ಮಗಳ ಇನ್ನೊಂದು ಪಕ್ಕದಲ್ಲಿ ನಿಂತು, ಪ್ರತಿ ಸಾಲಿಗೂ ಅವಳ ಜೊತೆಗೇ ಅಂದ; ಪುಸ್ತಕ ಒಲೆಗೆ ಹಾಕುವ ಮಾತನ್ನು ಮತ್ತೆ ಎತ್ತಲಿಲ್ಲ. ಕೊನೆಯ ಪಾಪ ಕರುವಿನ ಮೇಲೆ ಏರಿ ಹೋದ ಮೇಲೆ, ಅತ್ತೆ ಒಪ್ಪಿಸಿದ ಕೆಲಸ ಮುಗಿಯಿತು. ಲಿಂಗಿ ಹೆಂಗಸರ ನಡುವೆ ಹೋಗಿ ಕೂತು, ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು.